ಎರಡನೇ ರೀಲು

ಹರಿದ ಫಿಲ್ಮನ್ನು ಜೋಡಿಸುವ ಮುಂಚೆ ಅಕ್ಕೋರು ಅದರ ತುದಿಯನ್ನು ಎರಡು ತುಟಿಗಳ ನಡುವೆ ಒಂದು ಕ್ಷಣ ಹಿಡಿಯುತ್ತಿದ್ದರು. ತುಟಿಗೆ ಅಂಟಿಕೊಂಡ ಬದಿಯೇ ಚಿತ್ರವಿರುವ ಬದಿ. ಆ ಬದಿಯನ್ನು ಬ್ಲೇಡಿನಿಂದ ತುಸುವೇ ಹೆರೆದು, ಅಂಟು ಹಚ್ಚಿ, ಹೆಬ್ಬೆರಳಿನಿಂದ ಒತ್ತಿಕೊಂಡು ಕೂತಿರುತ್ತಿದ್ದರು. ಹಣೆಯ ಮೇಲೆ ವಿಭೂತಿ, ಮೂಗಿನ ತುದಿಗೆ ಜಾರಿದ ಕನ್ನಡಕ.

ಜೇವರ್ಗಿಯ ಹೆದ್ದಾರಿಯ ಮೇಲಿರುವ ಒಂದು ಸಣ್ಣ ಊರಿನ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಅವರು ಭೂಗೋಳ ಕಲಿಸುತ್ತಿದ್ದರು. ನಮ್ಮ ಕಡೆ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ. ಶಾಲೆಯಲ್ಲಿ ನಾವು ನಾಲ್ಕಾರು ಶಿಕ್ಷಕಿಯರಿದ್ದರೂ ಬರೀ ಅಕ್ಕೋರು ಎಂದರೆ ಅವರೊಬ್ಬರೇ. ಎಂಬತ್ತರ ದಶಕದ ಆರಂಭದಲ್ಲಿ ನಾನು ಆಳಂದ ತಾಲೂಕಿನ ಸರಸಂಬಾದಿಂದ ಹಿಂದಿ ಶಿಕ್ಷಕಿಯಾಗಿ ಅಲ್ಲಿಗೆ ಹೋದೆ. ಮೊದಲ ವಾರವೇ ಹೆಡ್‌ಮಾಸ್ತರರು ನನ್ನನ್ನು ಅಕ್ಕೋರ ಬಳಿ ಕಳಿಸಿದರು. ಅಕ್ಕೋರು ಗುಲಬರ್ಗಾದ ಫಿಲ್ಮ್ ಲೈಬ್ರರಿಯಿಂದ ಸಾಕ್ಷ್ಯಚಿತ್ರಗಳನ್ನು ತಂದು ಊರೂರಿಗೆ ತೋರಿಸುತ್ತಿದ್ದರು, ಅವುಗಳ ವಿವರಣೆ ಹಿಂದಿಯಲ್ಲಿರುತ್ತಿತ್ತು. ನಾನು ಅದನ್ನು ಕನ್ನಡ ಮಾಡಿಕೊಡಬೇಕೆಂಬುದು ಹೆಡ್‌ಮಾಸ್ತರರ ಯೋಚನೆ.

ಅಕ್ಕೋರು ನನ್ನನ್ನು ಕೂರಿಸಿ, ಅನ್ನ ಹಾಕಿ, ಆ ಕೆಲಸ ಬೇಡವೆಂದರು. ಅವರ ಮನೆಯಲ್ಲಿ ಅನ್ನ ಕೌದಿಯೊಳಗಿಂದ ಬರುತ್ತಿತ್ತು. ಅರ್ಧ ಬೆಂದ ಪಾತ್ರೆಯನ್ನು ಸ್ಟೋವಿನಿಂದ ಇಳಿಸಿ ಹಳೆಯ ಬಟ್ಟೆ ಹೊಲಿದ ಕೌದಿಯಲ್ಲಿ ಸುತ್ತಿಟ್ಟರೆ ಉಳಿದದ್ದು ತಾನೇ ಬೇಯುತ್ತದೆ, ಸೀಮೆಎಣ್ಣೆ ಉಳಿಯುತ್ತದೆ.

‘ಆ ದನಿ ನಮ್ಮ ಮಾರಿ ನೋಡಿ ಮಾತಾಡಂಗಿಲ್ಲ ತಂಗಿ,’ ಎಂದರು. ‘ನಾ ದನಿ ಬಂದ್ ಮಾಡಿ ನಾನೇ ಹೇಳ್ತೇನಿ. ನೀ ಬರೋದಿದ್ರ ರೀಲಿನ ಡಬ್ಬಿ ಹಿಡ್ಕೊಂಡು ಬಾ.’

ಹೀಗೆ ನಾನು ಡಬ್ಬಿ ಹಿಡಿದುಕೊಂಡು ಹೋಗುವವಳಾದೆ.

ಅವರು ಹೆಚ್ಚಾಗಿ ತೋರಿಸುತ್ತಿದ್ದದ್ದು ಎರಡು ರೀಲಿನ ಒಂದು ಚಿತ್ರ. ಯಾವುದೋ ಶ್ರೀಮಂತ ದೇಶದ್ದು. ಮೊದಲ ರೀಲಿನಲ್ಲಿ ಊರಿನಿಂದ ದೂರ ಕಟ್ಟಿಸಿದ ಬಡಾವಣೆಗಳು. ಪ್ರತಿ ಮನೆಗೂ ಮುಂದೆ ಹುಲ್ಲು, ಹುಲ್ಲಿನ ಪಕ್ಕ ಕಾರು, ಅಗಲವಾದ ರಸ್ತೆ. ಒಬ್ಬ ಹೆಂಗಸು ಬ್ರೆಡ್ ತರಲು ಕಾರು ಹತ್ತಿ ಹೋಗುತ್ತಾಳೆ. ಎರಡನೇ ರೀಲಿನಲ್ಲಿ ಎಣ್ಣೆಯ ಅಭಾವ. ಪೆಟ್ರೋಲ್ ಬಂಕಿನ ಮುಂದೆ ಕಾರುಗಳ ಸಾಲು, ಕಾರು ತಳ್ಳುವ ಗಂಡಸರು, ಬೀಗ ಹಾಕಿದ ಶಾಲೆ, ಅದೇ ಹುಲ್ಲಿನ ಮನೆಯೊಳಗೆ ಕಿಟಕಿ ಹಿಡಿದು ನಿಂತ ಅದೇ ಹೆಂಗಸು. ಕೊನೆಗೆ, ಎಣ್ಣೆ ಬತ್ತಿ ನಿಂತುಹೋದ ಬಾವಿಯ ಯಂತ್ರಗಳು.

ಅಫಜಲಪುರ ತಾಲೂಕಿನ ಗೊಬ್ಬೂರ ಅಕ್ಕೋರ ತವರು. ಅಲ್ಲಿ ತೋರಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಆಗ ಹಳ್ಳಿಯಲ್ಲಿ ಪರದೆಯನ್ನು ಬಯಲಿನ ನಡುವೆ ಕಟ್ಟುವುದು ರೂಢಿ. ಗಂಡಸರು ಮುಂದೆ, ಹೆಂಗಸರು ಹಿಂದೆ. ಬಟ್ಟೆಯ ಹಿಂದಿನಿಂದ ಹೆಂಗಸರಿಗೆ ಕಾಣುವ ಚಿತ್ರವೆಲ್ಲ ಎಡಬಲ ತಿರುವಿದ್ದು. ಅಕ್ಕೋರು ಆ ದಿನ ಪ್ರೊಜೆಕ್ಟರನ್ನು ಎತ್ತಿಸಿ ಹೆಂಗಸರ ಕಡೆಗೆ ಇಡಿಸಿದರು. ಸ್ವಲ್ಪ ಹೊತ್ತಿನಲ್ಲೇ ಆಚೆಯಿಂದ ಒಬ್ಬರು ಕೂಗಿದರು: ‘ಏನ್ರಿ ಅಕ್ಕೋರೆ, ಇತ್ಲಾಗ ಎಲ್ಲಾರೂ ಎಡಗೈಲೆ ಉಣ್ಣಾಕತ್ಯಾರಲ್ರಿ.’

‘ಇಷ್ಟ ವರ್ಷ ಹೆಣ್ಮಕ್ಕಳು ಹಂಗೇ ನೋಡ್ಯಾರ. ಒಂದಿನ ನೀವೂ ನೋಡ್ರಿ ಕಾಕಾ. ಇದು ಎಣ್ಣಿ ಚಿತ್ರ, ಸ್ಟೋ ಹಚ್ಚಾವ್ರು ಈ ಕಡಿ ಕುಂತಾರ.’

ಎರಡೂ ಕಡೆ ನಗು. ಎರಡನೇ ರೀಲು ಮುಗಿಯುವ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಕಿಟಕಿಯ ಬಳಿ ನಿಂತ ಆ ಹೆಂಗಸನ್ನು ನೋಡಿ ಒಬ್ಬ ಮುದುಕಿ ಪಕ್ಕದವಳನ್ನು ಕೇಳಿದಳು: ‘ಅಲ್ಲಬೇ, ಆಕಿ ಮನ್ಯಾಗ ಉಪ್ಪು ತೀರಿದ್ರ ಎಲ್ಲಿಗಿ ಹೋಗ್ತಾಳ?’ ಅಂದಿನಿಂದ ಅಕ್ಕೋರು ಎಲ್ಲ ಊರಿನಲ್ಲೂ ಆ ಮಾತಿನಿಂದಲೇ ಚಿತ್ರ ಮುಗಿಸುತ್ತಿದ್ದರು. ತಾವು ಹೇಳಿದ್ದಲ್ಲ, ಗೊಬ್ಬೂರದ ಒಬ್ಬ ಆಯಿ ಹೇಳಿದ್ದು ಎಂದು ತಿಳಿಸಿ.

ಇನ್ನು ಮುಂದಿನದನ್ನು ನಿಧಾನವಾಗಿ, ನಾನು ಕಂಡದ್ದನ್ನಷ್ಟೇ ಬರೆಯುತ್ತೇನೆ.

ನಮ್ಮದು ಖಾಸಗಿ ಮಂಡಳಿಯ ಶಾಲೆ. ಮಂಡಳಿಯ ಚೇರ್ಮನ್ನರಿಗೆ ತೊಗರಿಬೇಳೆಯ ಮಿಲ್ಲು ಇತ್ತು, ಊರಿನಿಂದ ಬಹಳ ದೂರದಲ್ಲಿ ಹೆದ್ದಾರಿಯ ಬದಿಗೆ ಹೊಲ ಇತ್ತು. ಎಂಬತ್ತರ ದಶಕದ ನಡುವೆ ಆ ಹೊಲದಲ್ಲಿ ಲೇಔಟ್ ಮಾಡಿ, ಕಲ್ಲು ನೆಡಿಸಿದರು. ಪ್ಲಾಟುಗಳು ಹೋಗಲಿಲ್ಲ. ಊರು ಬಿಟ್ಟು ಅಷ್ಟು ದೂರ ಯಾರು ಹೋಗುತ್ತಾರೆ? ಆಗ ಚೇರ್ಮನ್ನರು ನಮ್ಮ ಶಾಲೆಯನ್ನು ಅಲ್ಲಿಗೆ ಒಯ್ಯುವ ಮಾತು ತೆಗೆದರು. ಶಾಲೆಗೆ ಜಾಗ ದಾನ, ಹೊಸ ಕಟ್ಟಡ, ಮಕ್ಕಳಿಗೆ ಬಸ್ಸು. ಶಾಲೆ ಹೋದರೆ ಮನೆಗಳು ಹಿಂದೆ ಬರುತ್ತವೆ ಎಂಬುದು ಲೆಕ್ಕ.

ನಮ್ಮ ಶಾಲೆ ಹಳೆಯ ಊರಿನ ನಡುವೆ ಇತ್ತು. ಹುಡುಗಿಯರು ಮನೆಯಲ್ಲಿ ರೊಟ್ಟಿ ಬಡಿದಿಟ್ಟು, ಗಂಟೆಯ ಸದ್ದು ಕೇಳಿದ ಮೇಲೆ ಓಡಿ ಬಂದರೂ ಪ್ರಾರ್ಥನೆಗೆ ಸಿಗುತ್ತಿದ್ದರು. ಓದುತ್ತಿದ್ದ ಬಹಳ ಜನ ಅದೇ ಕಾರಣಕ್ಕೆ ಓದುತ್ತಿದ್ದರು: ಶಾಲೆ ಹತ್ತಿರವಿತ್ತು. ಅಕ್ಕೋರು ಇದನ್ನು ಮಂಡಳಿಯ ಸಭೆಯಲ್ಲಿ ನಿಂತು ಹೇಳಿದರು. ಬಸ್ಸು ಓಡುವುದು ಡೀಸೆಲ್ ಇರುವ ತನಕ. ಡೀಸೆಲ್ ಕಡಿಮೆಯಾದ ದಿನ ಮೊದಲು ನಿಲ್ಲುವುದು ಹುಡುಗಿಯರ ಬಸ್ಸು ಎಂದರು. ಚೇರ್ಮನ್ನರು ನಕ್ಕು, ಚಹಾ ತರಿಸಿದರು.

ಅವರು ಅಕ್ಕೋರ ಚಿತ್ರವನ್ನು ಒಮ್ಮೆ ನೋಡಿದ್ದರು. ಮೊದಲ ರೀಲು ಮಾತ್ರ. ಆಮೇಲೆ ಮಿಲ್ಲಿನ ಕೆಲಸವೆಂದು ಎದ್ದು ಹೋಗಿದ್ದರು. ಹುಲ್ಲು, ಕಾರು, ಸಾಲು ಮನೆಗಳು ಅವರಿಗೆ ಹಿಡಿಸಿದ್ದವು. ಲೇಔಟಿನಲ್ಲಿ ಭೂಮಿಪೂಜೆ ಇಟ್ಟು, ಆ ಸಂಜೆ ಚಿತ್ರ ತೋರಿಸಬೇಕೆಂದು ಅಕ್ಕೋರಿಗೆ ಹೇಳಿ ಕಳಿಸಿದರು. ನಾನು ಬೇಡವೆಂದೆ. ಅಕ್ಕೋರು ಒಪ್ಪಿಕೊಂಡರು. ಊರಿನ ತಾಯಿತಂದೆಯರೆಲ್ಲ ಒಂದೇ ಕಡೆ ಸೇರುತ್ತಾರೆ, ಶಾಲೆಯ ನಿರ್ಣಯ ಇನ್ನೂ ಆಗಿಲ್ಲ, ಎರಡನೇ ರೀಲು ನೋಡಿದರೆ ಅವರೇ ಬೇಡ ಎನ್ನುತ್ತಾರೆ ಎಂಬ ನಂಬಿಕೆ ಅವರದು. ಎರಡೂ ರೀಲು ತೋರಿಸಲು ಬಿಡಬೇಕೆಂದು ಮಾತು ತೆಗೆದುಕೊಂಡರು. ಚೇರ್ಮನ್ನರು ಮಾತು ಕೊಟ್ಟರು. ನಾನು ಅಲ್ಲಿದ್ದೆ.

ಆ ಸಂಜೆ ಜನ ಲಾರಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಬಂದರು. ಪೆಟ್ರೋಲಿನ ಜನರೇಟರ್ ಇಡಿಸಿದ್ದರು. ಮೊದಲ ರೀಲು ಓಡಿತು. ಅಕ್ಕೋರು ಎಂದಿನಂತೆ ಹೇಳಿದರು: ಇಷ್ಟು ದೊಡ್ಡ ರಸ್ತೆಯಲ್ಲಿ ನಡೆದುಕೊಂಡು ಹೋಗುವವರು ಒಬ್ಬರಾದರೂ ಕಾಣುತ್ತಾರೆಯೇ ನೋಡಿರಿ. ಯಾರೂ ಅದನ್ನು ನೋಡಲಿಲ್ಲ. ಹುಲ್ಲು ನೋಡಿದರು, ಕಾರು ನೋಡಿದರು. ಚೇರ್ಮನ್ನರು ಮುಂದಿನ ಸಾಲಿನಿಂದ ಜೋರಾಗಿ, ನಮ್ಮ ಲೇಔಟೂ ಹೀಗೆ ಆಗುತ್ತದೆ ಎಂದರು. ಜನ ಚಪ್ಪಾಳೆ ತಟ್ಟಿದರು.

ರೀಲು ಬದಲಿಸಲು ಸ್ವಲ್ಪ ಹೊತ್ತು ಬೇಕು. ನಾನು ಎರಡನೇ ಡಬ್ಬಿ ತರಲು ಜನರೇಟರಿನ ಪಕ್ಕದಿಂದ ಹೋದೆ. ಚೇರ್ಮನ್ನರ ಡ್ರೈವರ್ ಬಾಗಿ ಪೆಟ್ರೋಲ್ ಹರಿಯುವ ನಳಿಗೆಯ ಕಾಕು ತಿರುಗಿಸಿ ಮುಚ್ಚುತ್ತಿದ್ದುದನ್ನು ಕಂಡೆ. ಅಕ್ಕೋರು ರೀಲು ಏರಿಸಿ ಕನ್ನಡಕ ಸರಿಪಡಿಸಿಕೊಳ್ಳುವಷ್ಟರಲ್ಲಿ ಜನರೇಟರ್ ಕೆಮ್ಮಿ ನಿಂತಿತು. ಬಯಲೆಲ್ಲ ಕತ್ತಲು.

ಪೆಟ್ರೋಲ್ ತೀರಿತು ಎಂದು ಡ್ರೈವರ್ ಕೂಗಿದ.

ನಾನು ಟಾರ್ಚ್ ಹಚ್ಚಿ ನೋಡಿದೆ. ಜನರೇಟರಿನ ಟ್ಯಾಂಕಿನಲ್ಲಿ ಅರ್ಧದವರೆಗೆ ಪೆಟ್ರೋಲ್ ಇತ್ತು. ಎಲ್ಲರಿಗೂ ಕೇಳುವಂತೆ ಹೇಳಿದೆ: ತೀರಿಲ್ಲ, ಇವನು ಕಾಕು ಬಂದ್ ಮಾಡಿದ್ದಾನೆ. ಚೇರ್ಮನ್ನರು ಕೂತಲ್ಲಿಂದಲೇ ಮೆತ್ತಗೆ ಅಂದರು, ‘ಹಿಂದಿ ಟೀಚರಿಗಿ ಮಷೀನಿಂದು ಏನ್ ತಿಳೀತದ್ರಿ. ಬರ್ರಿ, ಊಟಕ್ಕ ಏಳ್ರಿ ಎಲ್ಲಾರೂ.’

ಜನ ಏಳತೊಡಗಿದರು. ಕತ್ತಲಲ್ಲಿ ಅಕ್ಕೋರ ದನಿ ಕೇಳಿತು. ತರಗತಿಯಲ್ಲಿ ಎಷ್ಟು ಎತ್ತರಕ್ಕೆ ಮಾತಾಡುತ್ತಿದ್ದರೋ ಅಷ್ಟೇ.

‘ಕುಂದರ್ರಿ. ಎರಡನೇ ರೀಲಿನ್ಯಾಗ ಇದೇ ಅದ. ಹಿಂಗೇ ಒಂದಿನ ತೀರ್ತದ, ಹಿಂಗೇ ಕತ್ತಲಾಗ್ತದ, ಆಗ ನಿಮ್ಮ ಮಗಳು ಈ ಹೊಲದಾಗ ನಿಂತಿರ್ತಾಳ.’

ಜನ ನಕ್ಕರು. ಸಮಯಕ್ಕೆ ತಕ್ಕ ಮಾತಾಡಿದರು ಎಂದು ಮೆಚ್ಚಿ ನಕ್ಕರು. ನಗುತ್ತಲೇ ಊಟಕ್ಕೆ ಹೋದರು. ಊಟದ ಹೊತ್ತಿಗೆ ಜನರೇಟರ್ ಮತ್ತೆ ಓಡುತ್ತಿತ್ತು, ಪಂಕ್ತಿಯ ಮೇಲೆ ದೀಪ ಉರಿಯುತ್ತಿತ್ತು, ಯಾರೂ ಏನೂ ಕೇಳಲಿಲ್ಲ. ಅಂದು ನಕ್ಕವರ ಮುಖಗಳು ನನಗೆ ಗೊತ್ತು. ಇಷ್ಟು ವರ್ಷಗಳಾದ ಮೇಲೂ ನಾನು ಅವರನ್ನು ಕ್ಷಮಿಸಿಲ್ಲ.

ಅಲ್ಲಿಗೂ ಮುಗಿಯಲಿಲ್ಲ. ಆ ದಸರೆಗೆ ಸರಸಂಬಾಕ್ಕೆ ಹೋದಾಗ ನನ್ನ ಅಣ್ಣ ಖುಷಿಯಿಂದ ಹೇಳಿದ, ನಿಮ್ಮ ಶಾಲೆಯ ಸಿನೆಮಾ ನಮ್ಮೂರಿಗೂ ಬಂದಿತ್ತು, ನೋಡಿ ಒಂದು ಪ್ಲಾಟು ಹಿಡಿದೆ ಎಂದು. ಚೇರ್ಮನ್ನರು ಶಾಲೆಯ ಹೆಸರಿನಲ್ಲೇ ಲೈಬ್ರರಿಯಿಂದ ಚಿತ್ರ ತರಿಸಿ, ಮೊದಲ ರೀಲನ್ನು ಜೀಪಿನಲ್ಲಿ ಹಾಕಿಕೊಂಡು ಆಳಂದ, ಅಫಜಲಪುರದ ಹಳ್ಳಿಗಳಲ್ಲಿ ತೋರಿಸುತ್ತಿದ್ದರು. ಬೇಡ ಎನ್ನಲು ಮಾಡಿದ ಚಿತ್ರ, ಬೇಕು ಎನ್ನುವುದಕ್ಕೆ ಬಳಕೆಯಾಯಿತು. ಹಿಂದಿರುಗಿ ಅಕ್ಕೋರಿಗೆ ತಿಳಿಸಿದೆ. ಅವರು ಓದುತ್ತಿದ್ದ ಪೇಪರನ್ನು ಮಡಿಸಿಟ್ಟರು. ‘ನಾನೇ ಅವ್ರಿಗಿ ದಾರಿ ತೋರಿಸಿಕೊಟ್ಟೆ,’ ಎಂದಷ್ಟೇ ಅಂದರು. ಆಮೇಲೆ ಅವರು ಪ್ರೊಜೆಕ್ಟರ್ ಮುಟ್ಟಲಿಲ್ಲ.

ಶಾಲೆ ಲೇಔಟಿಗೆ ಹೋಯಿತು. ಬಸ್ಸು ಬಂತು. ಕೆಲವು ವರ್ಷ ಎಲ್ಲವೂ ಸರಿಯಿದ್ದಂತೆ ಕಂಡಿತು, ಎದುರಾದವರು ಅಕ್ಕೋರನ್ನು ಛೇಡಿಸುವುದೂ ಇತ್ತು: ‘ಏನ್ರಿ ಅಕ್ಕೋರೆ, ಎಣ್ಣಿ ಇನ್ನಾ ತೀರಿಲ್ಲಲ್ರಿ?’

ಕೊಲ್ಲಿಯಲ್ಲಿ ಯುದ್ಧ ಹತ್ತಿದ ವರ್ಷ ನಮ್ಮ ಕಡೆ ಡೀಸೆಲ್ ಸಿಗದಾಯಿತು. ಬಂಕುಗಳ ಮುಂದೆ ಟ್ರ್ಯಾಕ್ಟರುಗಳ ಸಾಲು. ಒಂದು ಸೋಮವಾರ ಶಾಲೆಯ ಬಸ್ಸು ಬರಲಿಲ್ಲ. ಅಕ್ಕೋರೂ ನಾನೂ ಮಿಲ್ಲಿಗೆ ಹೋದೆವು. ಚೇರ್ಮನ್ನರು ನಮ್ಮನ್ನು ಕುರ್ಚಿಯಲ್ಲಿ ಕೂರಿಸಿದರು.

‘ಡೀಸೆಲ್ಲೇ ಇಲ್ರಿ ಅಕ್ಕೋರೆ, ನಾ ಎಲ್ಲಿಂದ ತರ್ಲಿ? ನೀವೇ ಹೇಳ್ತಿದ್ರಲ್ಲ, ತೀರ್ತದ ಅಂತ. ತೀರಿತು ನೋಡ್ರಿ.’

ಮನುಷ್ಯ ಇಷ್ಟು ನಿರಾಳವಾಗಿ ಮಾತಾಡಬಲ್ಲ ಎಂದು ನನಗೆ ಗೊತ್ತಿರಲಿಲ್ಲ. ಆ ವಾರದ ಭಾನುವಾರ ಅದೇ ಬಸ್ಸು, ಪ್ಲಾಟು ನೋಡುವವರನ್ನು ತುಂಬಿಕೊಂಡು ಊರಿನಿಂದ ಲೇಔಟಿಗೆ ಹೋಗುವುದನ್ನು ಕಣ್ಣಾರೆ ಕಂಡೆ. ಮುಂದಿನ ಭಾನುವಾರವೂ ಕಂಡೆ.

ಅಕ್ಕೋರು ಹುಡುಗಿಯರನ್ನು ಕರೆದುಕೊಂಡು ನಡೆಯತೊಡಗಿದರು. ನಿವೃತ್ತಿಗೆ ಹತ್ತಿರವಾಗಿದ್ದ ಹೆಂಗಸು. ಬೆಳಿಗ್ಗೆ ಹಳೆಯ ಶಾಲೆಯ ಕಟ್ಟೆಯ ಬಳಿ ಎಲ್ಲರನ್ನೂ ಕೂಡಿಸಿ, ತಾವು ರಸ್ತೆಯ ಕಡೆ, ಹುಡುಗಿಯರು ಹೊಲದ ಕಡೆ, ಹಿಂದೆ ನಾನು. ಲಾರಿಗಳು ಹಾಯುವಾಗ ಸೀರೆ ಸೆಳೆದಂತಾಗುತ್ತಿತ್ತು. ಮೊದಲ ವಾರ ಸಾಲು ಉದ್ದವಾಗಿತ್ತು. ಆಮೇಲೆ ದಿನಕ್ಕೆ ಒಬ್ಬಳು, ಇಬ್ಬರು ಉದುರಿದರು. ಅಕ್ಕೋರು ಸಂಜೆ ಅವರವರ ಮನೆಗೆ ಹೋಗುತ್ತಿದ್ದರು.

ಒಂಬತ್ತನೆಯ ತರಗತಿಯಲ್ಲಿ ಸಿಂಪಿಗರ ಹುಡುಗಿಯೊಬ್ಬಳಿದ್ದಳು. ನಕಾಶೆ ನೋಡದೆ ನದಿಗಳನ್ನು ಬರೆಯುವವಳು. ಅವಳ ಮನೆಗೆ ನಾನೂ ಜೊತೆಗೆ ಹೋಗಿದ್ದೆ. ಅವಳ ತಂದೆ ಹೊಲಿಗೆ ಮಷೀನಿನಿಂದ ಎದ್ದು ನಿಂತು ಮಾತಾಡಿದ, ಮರ್ಯಾದಸ್ಥ.

‘ನಾ ಕಲಿಸಂಗಿಲ್ಲ ಅಂದಿಲ್ರಿ ಅಕ್ಕೋರೆ. ಬಸ್ಸ ಚಾಲೂ ಆಗ್ಲಿ, ಮರುದಿನಾನೇ ಕಳಸ್ತೇನಿ.’

‘ನಾ ಜೋಡಿ ಇರ್ತೇನಲ್ರಿ.’

‘ಇರ್ತೀರಿ. ನಾಳಿ ನಿಮಗ ಜ್ವರ ಬಂದ್ರ?’

ಅಕ್ಕೋರು ಒಳಗೆ ನೋಡಿದರು. ಹುಡುಗಿ ಒಳಗಿನ ಹೊಸ್ತಿಲ ಮೇಲೆ ಕೂತು ಅಂಗಿಗೆ ಗುಂಡಿಯ ಕಾಜಾ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

ಯುದ್ಧ ಮುಗಿಯಿತು, ಡೀಸೆಲ್ ಬಂತು, ಬಸ್ಸೂ ಬಂತು. ಆ ಹುಡುಗಿ ಬರಲಿಲ್ಲ. ಬೇಸಿಗೆಯಲ್ಲಿ ಅವಳ ಮದುವೆಯಾಗಿತ್ತು. ಬಿಟ್ಟವರಲ್ಲಿ ತಿರುಗಿ ಬಂದವರು ಬಹಳ ಕಡಿಮೆ. ನಿವೃತ್ತಿಯ ದಿನದ ಭಾಷಣದಲ್ಲಿ ಅಕ್ಕೋರು ಯಾರಿಗೂ ಧನ್ಯವಾದ ಹೇಳಲಿಲ್ಲ. ಶಾಲೆ ಬಿಟ್ಟ ಹುಡುಗಿಯರ ಹೆಸರುಗಳನ್ನು ಒಂದೊಂದಾಗಿ ಹೇಳಿ ಕೂತರು. ವೇದಿಕೆಯ ಮೇಲಿದ್ದವರು ವಯಸ್ಸಾಯಿತು ಎಂದುಕೊಂಡರು.

ಕೆಲವು ವರ್ಷಗಳ ನಂತರ ಅವರು ಗೊಬ್ಬೂರದಲ್ಲಿ ತೀರಿಕೊಂಡರು. ನಾವು ಹೋಗುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಮರುವಾರ ಶಾಲೆಯಲ್ಲಿ ಸಂತಾಪ ಸಭೆ. ಚೇರ್ಮನ್ನರು ಕಣ್ಣೊರೆಸಿಕೊಂಡು, ಡೀಸೆಲ್ ಇಲ್ಲದ ಕಾಲದಲ್ಲಿ ಮಕ್ಕಳೊಂದಿಗೆ ನಡೆದು ಬಂದ ತಾಯಿ ಅವರು ಎಂದರು. ಲೇಔಟಿಗೆ ಅವರ ಹೆಸರನ್ನೇ ಇಡುವುದಾಗಿ ಸಾರಿದರು. ಜನ ಚಪ್ಪಾಳೆ ತಟ್ಟಿದರು. ಸಂತಾಪ ಸಭೆಯಲ್ಲಿ ಚಪ್ಪಾಳೆ ತಟ್ಟಬಾರದೆಂದು ಕೂಡ ಯಾರಿಗೂ ಹೊಳೆಯಲಿಲ್ಲ. ನಾನು ಎದ್ದು ಹೊರಗೆ ಬಂದೆ.

ಈಗ ಹೆದ್ದಾರಿಯ ಬದಿಯ ಕಮಾನಿನ ಮೇಲೆ ಅವರ ಹೆಸರು, ಮುಂದೆ ‘ನಗರ’ ಎಂದು. ಈ ಬರಹದಲ್ಲಿ ನಾನು ಆ ಹೆಸರನ್ನು ಬರೆಯದಿರುವುದು ಅದಕ್ಕೇ. ಆದರೆ ತಪ್ಪಿಸಿಕೊಳ್ಳಲಾರದ ಒಂದು ಜಾಗವಿದೆ. ಅಕ್ಕೋರ ನಂತರ ಶಾಲೆಯಲ್ಲಿ ಹಿರಿಯಳು ನಾನು, ಟಿ.ಸಿ. ಬರೆಯುವ ಕೆಲಸ ನನ್ನದು. ಪ್ರತಿ ಟಿ.ಸಿ.ಯ ತಲೆಯ ಮೇಲೆ ಶಾಲೆಯ ವಿಳಾಸ, ಅದರಲ್ಲಿ ಅವರ ಹೆಸರು ಅಚ್ಚಾಗಿರುತ್ತದೆ. ಕೆಳಗೆ, ಶಾಲೆ ಬಿಟ್ಟ ಕಾರಣ. ‘ಮನೆಯ ಅಡಚಣೆ’ ಎಂದು ಬರೆಯುವುದು ವಾಡಿಕೆ. ಊರಿನಿಂದ ಬರಲಾರದೆ ಬಿಡುವ ಹುಡುಗಿಯ ಟಿ.ಸಿ.ಯಲ್ಲಿ ನಾನು ‘ಶಾಲೆ ದೂರ’ ಎಂದು ಬರೆಯುತ್ತೇನೆ. ಹಾಗೆ ಬರೆಯಬಾರದೆಂದು ಚೇರ್ಮನ್ನರು ಎರಡು ಸಲ ಹೇಳಿ ಕಳಿಸಿದ್ದಾರೆ. ನಿನ್ನೆಯೂ ಒಂದು ಬರೆದೆ.