ಎರಡನೇ ಪೀಳಿಗೆಯ ಜುಟ್ಟು

ನಜೀರ್ ಭಾಯ್, ನಿಮ್ಮ ಅಬ್ಬಾ ನಿಮಗೆ ಬೆರಕೆ ಕೋಳಿ ಬಿಟ್ಟುಹೋಗಲಿಲ್ಲ. ಬೆರಕೆ ಮಾಡಿದವಳು ನಾನು. ಆರು ವರ್ಷದಿಂದ ಇದನ್ನು ನುಂಗಿಕೊಂಡು, ಕಮರ್ಷಿಯಲ್ ಸ್ಟ್ರೀಟ್ ಹಿಂದಿನ ಅದೇ ಹೊಲಿಗೆ ಅಂಗಡಿಯಲ್ಲಿ ನಿಮ್ಮ ಪಕ್ಕದ ಮಿಷನ್ನಿಗೇ ಕೂತಿದ್ದೇನೆ.

ಅಬ್ಬಾ ಬಿಟ್ಟುಹೋದ ನಿಮ್ಮ ಕೆಂಪು ಅಸೀಲ್ ಹುಂಜವನ್ನು ಹದಿನೈದು ದಿನ ನನಗೆ ಕೊಟ್ಟಿದ್ದಿರಿ. ಕಗ್ಗದಾಸಪುರದ ನಮ್ಮ ಬಾಡಿಗೆ ರೂಮಿನ ತಾರಸಿಯಲ್ಲಿ ಮೊಟ್ಟೆಗೆಂದು ಸಾಕಿದ ನಾಲ್ಕು ಕಂದು ಕೋಳಿಗಳಿದ್ದವು. ಮೊಟ್ಟೆಗೇನೂ ಕಡಿಮೆಯಿಲ್ಲ, ಆದರೆ ಚಳಿಗಾಳಿ ತಾಗಿದರೂ ಸೊರಗುವ ಜಾತಿ. ಅಸೀಲಿನಂಥ ಕಾಳಗದ ತಳಿಯ ಗಟ್ಟಿತನ ಅವುಗಳ ಮರಿಗೂ ಬಂದರೆ — ಎಂದು ನನಗಾಸೆ. ನೀವು ನಕ್ಕು ಒಪ್ಪಿದಿರಿ. ನಿಮ್ಮ ಅಬ್ಬಾ ಆ ಹುಂಜಗಳನ್ನು ಒಮ್ಮೆಯೂ ಕಾಳಗಕ್ಕೆ ಬಿಟ್ಟವರಲ್ಲ. ತಳಿ ಕೆಡದಂತೆ ಕಾಪಾಡಿದ್ದೇ ಅವರ ಹೆಮ್ಮೆ.

ಹುಂಜವನ್ನು ವಾಪಸು ಕೊಟ್ಟ ವಾರಕ್ಕೇ ಶಿವಾಜಿನಗರದ ನಿಮ್ಮ ಮನೆಯ ಕೋಳಿಗಳಿಗೆ ಕೊಕ್ಕರೆ ರೋಗ ತಗುಲಿತು. ಹುಂಜ ಸತ್ತಿತು, ಅದರ ಜೋಡಿಯಾಗಿದ್ದ ಒಂದೇ ಅಸೀಲ್ ಹೇಂಟೆಯೂ ಸತ್ತಿತು. ಉಳಿದದ್ದು ಅದು ಮೊದಲೇ ಇಟ್ಟಿದ್ದ ಎಂಟು ಮೊಟ್ಟೆ. ನಮ್ಮ ಮನೆಯಲ್ಲಿ ಬೇರೆಯಾಗಿ ಸಾಕಿದ್ದ ನಾಟಿ ಹೇಂಟೆಯೊಂದು ಕಾವಿಗೆ ಕೂತಿತ್ತು. ಹೊಟ್ಟು ತುಂಬಿ ಮೊಟ್ಟೆ ಜೋಡಿಸಿದ ಡಬ್ಬವನ್ನು ನನ್ನ ಕೈಗಿಟ್ಟು ನೀವು ಹೇಳಿದಿರಿ: "ಶರಣಮ್ಮ, ಮಡಿಲಲ್ಲೇ ಇಟ್ಕೊಂಡು ಹೋಗಮ್ಮ. ಅಬ್ಬಾದು ಇನ್ನೇನೂ ಉಳಿದಿಲ್ಲ."

ಮಡಿಲಲ್ಲಿ ಇಟ್ಟುಕೊಳ್ಳಲಿಲ್ಲ. ಬಸ್ಸಿನಲ್ಲಿ ಕಾಲ ಬಳಿ ಇಟ್ಟು, ಸುರಪುರದಿಂದ ಫೋನು ಮಾಡಿದ್ದ ಅಕ್ಕನ ಜೊತೆ ನಗುತ್ತ ಕೂತಿದ್ದೆ. ಬ್ರೇಕ್ ಬಿದ್ದಾಗ ಯಾರದೋ ಅಕ್ಕಿ ಮೂಟೆ ಅದರ ಮೇಲೆ — ಮನೆಗೆ ಬಂದು ಮುಚ್ಚಳ ತೆಗೆದರೆ ಒಂದೂ ಉಳಿದಿರಲಿಲ್ಲ.

ಆಗಲೇ ಹೇಳಬೇಕಿತ್ತು. ಫೋನು ಕೈಯಲ್ಲೇ ಇತ್ತು. ಬದಲಿಗೆ ನನ್ನ ಕಂದು ಕೋಳಿಗಳ ಎಂಟು ಮೊಟ್ಟೆ ತೆಗೆದು ಕಾವಿಗಿಟ್ಟೆ. ಅವುಗಳ ಅಪ್ಪನೂ ನಿಮ್ಮ ಹುಂಜವೇ ತಾನೇ, ಎಂದುಕೊಂಡೆ.

ಆರು ಮರಿಗಳಾದವು. ಬೆಳೆಯುತ್ತ ಹುಂಜದಂತೆಯೇ ಉದ್ದ ಕಾಲು, ತಲೆಗಂಟಿದ ಗಿಡ್ಡ ಜುಟ್ಟು. ನೀವು ಅವನ್ನು ಎದೆಗೊತ್ತಿಕೊಂಡು ಅತ್ತಿರಿ. ನಾನು ಚಹಾ ಮಾಡಲು ಒಳಗೆ ಹೋದೆ.

ಮೊದಲ ಪೀಳಿಗೆಯಲ್ಲಿ ಹುಂಜದ ಜುಟ್ಟು ತಾಯಿಯದನ್ನು ಮುಚ್ಚಿಡುತ್ತದೆ, ಭಾಯ್. ಆ ಮರಿಗಳನ್ನೇ ತಮ್ಮತಮ್ಮಲ್ಲಿ ಕೂಡಿಸಿದರೆ ನಾಲ್ಕಕ್ಕೊಂದರಂತೆ ತಾಯಿಯ ಜುಟ್ಟು, ಗರಗಸದ ಹಾಗೆ, ಎದ್ದು ನಿಲ್ಲುತ್ತದೆ. ನೀವು ಕೂಡಿಸಿದಿರಿ. ಮೊಟ್ಟೆ ಇನ್ನೂ ಕಾವಿನಲ್ಲಿದ್ದಾಗ ನಾನು ಬಾಯಿತಪ್ಪಿ, "ಒಂದೆರಡಕ್ಕೆ ನಿಂತ ಜುಟ್ಟು ಬರಬಹುದು" ಅಂದುಬಿಟ್ಟೆ. ಬಂತು. ಅಲ್ಲಿಂದ ನಿಮ್ಮ ಬೀದಿಯವರೆಲ್ಲ ಮರಿಗಳ ಬಣ್ಣ, ಗುಣ ಕೇಳಿಕೊಂಡು ನನ್ನ ಬಳಿ ಬರತೊಡಗಿದರು. "ಶರಣಮ್ಮ ಹೇಳಿದ್ರೆ ಮುಗೀತು" ಎಂದು ಮೆರೆಸಿದವರು ನೀವೇ. ನನಗೆ ಮುಂದಿನದನ್ನು ಹೇಳುವ ಯಾವ ವಿದ್ಯೆಯೂ ಇರಲಿಲ್ಲ. ತಾಯಿ ಯಾರೆಂದು ಗೊತ್ತಿತ್ತು, ಅಷ್ಟೆ. ನೀವು ಹೊಗಳಿದಷ್ಟೂ ನನ್ನ ಬಾಯಿ ಕಟ್ಟಿಹೋಯಿತು.

ಒಂದು ಮಧ್ಯಾಹ್ನ, ಊಟದ ಡಬ್ಬ ಮುಚ್ಚುತ್ತ ನೀವೆಂದಿರಿ: "ಅಬ್ಬಾ ಜೀವಮಾನವೆಲ್ಲ ಅಸ್ಲಿ ತಳಿ, ಅಸ್ಲಿ ತಳಿ ಅಂತಿದ್ರಲ್ಲ... ಅಸ್ಲಿ ಆಗಿದ್ರೆ ಈ ನಿಂತ ಜುಟ್ಟು ಎಲ್ಲಿಂದ ಬಂತು? ಎಲ್ಲೋ ಬೆರಕೆ ಮಾಡಿ ಮುಚ್ಚಿಟ್ಟಿರ್ಬೇಕು. ನಮ್ಗೂ ಸುಳ್ಳೇ ಹೇಳಿದ್ರು, ಅಲ್ವಾ?"

"ಇರಬಹುದು, ಭಾಯ್" ಎಂದೆ.

ಮೊಟ್ಟೆ ಬದಲಿಸಿದ್ದು ಹೆದರಿಕೆಯಿಂದ. 'ಇರಬಹುದು' ಎಂದ ಈ ಮಾತಿಗೆ ನನ್ನಲ್ಲಿ ಕಾರಣವಿಲ್ಲ. ಸತ್ತವರು ಎದ್ದು ಬಂದು ಅಲ್ಲಗಳೆಯುವುದಿಲ್ಲವೆಂದು ಗೊತ್ತಿದ್ದೇ ಆಡಿದೆ.

ನೀವು ಕೋಳಿಗಳನ್ನೆಲ್ಲ ಮಾರಿಬಿಟ್ಟಿರಿ. ಈ ಸಲದ ಹಬ್ಬಕ್ಕೆ ನಿಮ್ಮನೆಗೆ ಕರೆದಿದ್ದಿರಿ. ನಿಮ್ಮ ತಂಗಿ ಅಬ್ಬಾನ ಹುಂಜದ ಮಾತು ತೆಗೆದಾಗ, "ಅವರ ಮಾತು ಬಿಡು" ಎಂದು ಎದ್ದುಹೋದಿರಿ. ಆಕೆ ನನ್ನ ಮುಖ ನೋಡಿದಳು — ಏನಾಯಿತೆಂದು ನಾನಾದರೂ ಹೇಳಬಹುದೆಂದು. ನಾನು ತಟ್ಟೆ ನೋಡುತ್ತ ಕೂತೆ.

ಶುಕ್ರವಾರ ನಿಮ್ಮ ನಮಾಜ್ ಮುಗಿದ ಮೇಲೆ ಮನೆಗೆ ಬರುತ್ತೇನೆ. ತಂಗಿಯನ್ನೂ ಕರೆಸಿ. ಈ ಕಾಗದ ಓದಿ ಬಾಗಿಲು ತೆಗೆಯದಿದ್ದರೆ, ಬೀದಿಯಲ್ಲೇ ನಿಂತು, ನನ್ನನ್ನು ನಂಬಿದ ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ. ಅಂಗಡಿಯಲ್ಲಿ ನನ್ನ ಪಕ್ಕ ಕೂರಲಾಗದೆಂದರೆ ನಾನೇ ಬೇರೆ ಕೆಲಸ ಹುಡುಕಿಕೊಳ್ಳುತ್ತೇನೆ. ನೀವು ಮಾತ್ರ ನಿಮ್ಮ ತಂಗಿಯ ಜೊತೆ ಕೂತು ಅಬ್ಬಾನ ಹೆಸರು ಎತ್ತಿ, ಭಾಯ್.