ನನ್ನ ಹೊಟ್ಟೆಯ ವಿಚಾರ ನನಗೆ ಹೇಳಲಿಲ್ಲ

ಆರನೆಯ ಬಾಣಂತನ ಮುಗಿದು ಒಂದೂವರೆ ವರ್ಷವಾದರೂ ನನ್ನ ಹೊಟ್ಟೆ ಇಳಿದಿರಲಿಲ್ಲ. ಹೆರಿಗೆಯಾದಾಗಿನಿಂದ ಅತ್ತೆಯವರು ಹಳೆಯ ಸೀರೆಯನ್ನು ಬಿಗಿಯಾಗಿ ಸುತ್ತಿ ಕಟ್ಟಿದ್ದೇ ಬಂತು. ಬಿಚ್ಚಿದ ಕೂಡಲೇ ಮತ್ತೆ ಜೋತುಬೀಳುತ್ತಿತ್ತು. ಸಾಲದ್ದಕ್ಕೆ ಹೊಕ್ಕುಳಿನ ಪಕ್ಕ ನಿಂಬೆಹಣ್ಣಿನಷ್ಟು ಗಂಟು. ಕೆಮ್ಮಿದರೆ ಹೊರಗೆ, ಮಲಗಿದರೆ ಒಳಗೆ. ಜಾವಗಲ್ಲಿನ ಸಂತೆಯಲ್ಲಿ ಕಂಡ ಹೆಂಗಸರೆಲ್ಲ “ಎಷ್ಟು ತಿಂಗಳವ್ವಾ?” ಎಂದು ಕೇಳುತ್ತಿದ್ದರು. ಇಲ್ಲ ಇಲ್ಲ ಎಂದು ಹೇಳಿ ಸಾಕಾಗಿ, ಕೊನೆಗೆ “ಐದು” ಎಂದು ಮುಂದೆ ಹೋಗುತ್ತಿದ್ದೆ.

ಒಂದು ಬೆಳಿಗ್ಗೆ ಗಂಟು ಒಳಗೆ ಹೋಗಲಿಲ್ಲ. ನೋವು, ವಾಂತಿ. ಅರಸೀಕೆರೆಯ ಡಾಕ್ಟರು ಮೆಲ್ಲಗೆ ಒತ್ತಿ ಒಳಗೆ ತಳ್ಳಿ, ಆಪರೇಷನ್ ಆಗಲೇಬೇಕು ಎಂದರು. ಅದು ಯುದ್ಧದ ಕಾಲ. ಸಿಪಾಯಿಗಳು ತುಂಬಿದ್ದ ರೈಲಿನಲ್ಲಿ ಹೊಟ್ಟೆ ಹಿಡಿದುಕೊಂಡು ದೊಡ್ಡ ಊರಿನ ಆಸ್ಪತ್ರೆಗೆ ಹೋದೆ.

ಅಲ್ಲಿಯ ಡಾಕ್ಟರು ನನ್ನನ್ನು ಪರೀಕ್ಷೆ ಮಾಡಿದರು. ಮಾತಾಡಿದ್ದು ಮಾತ್ರ ನಮ್ಮ ಯಜಮಾನರ ಹತ್ತಿರ, ಹೊರಗಿನ ವರಾಂಡದಲ್ಲಿ. ಇವರು ಒಳಗೆ ಬಂದಾಗ ಕೇಳಿದೆ:

“ಏನಂದ್ರು?”

“ಹೊಲೀತಾರಂತೆ.”

“ಏನನ್ನ ಹೊಲೀತಾರೆ?”

“ನಿಂಗ್ಯಾಕೆ ಅದೆಲ್ಲ? ಸುಮ್ನೆ ಹೆದರ್ಕೋತೀಯ. ಹದಿನೈದು ದಿನಕ್ಕೆ ಮನೆಗೋಗ್ಬೋದು.”

ಕೊಬ್ಬರಿ ವ್ಯಾಪಾರದಲ್ಲಿ ಒಂದೊಂದು ಬಟ್ಟಲನ್ನೂ ತಿರುಗಿಸಿ ನೋಡುವ ಮನುಷ್ಯ, ನನ್ನ ವಿಷಯಕ್ಕೆ ಅಷ್ಟೇ ಹೇಳಿದರು.

ಎಚ್ಚರವಾದಾಗ ಮಂಡಿಗಳ ಕೆಳಗೆ ದಿಂಬಿತ್ತು. ಕ್ಲೋರೋಫಾರ್ಮಿನ ಓಕರಿಕೆ ಬಂದಾಗಲೆಲ್ಲ ಹೊಟ್ಟೆ ಸೀಳಿದಂತಾಗುತ್ತಿತ್ತು. ಕೈಯಾಡಿಸಿದರೆ ಈ ಸೊಂಟದಿಂದ ಆ ಸೊಂಟದವರೆಗೆ ಪಟ್ಟಿ. ಅಷ್ಟು ಚಿಕ್ಕ ಗಂಟಿಗೆ ಇಷ್ಟು ಉದ್ದ ಯಾಕೆ ಕೊಯ್ದರು ಎಂದು ನರ್ಸಮ್ಮನನ್ನು ಕೇಳಿದೆ.

“ಜೋತಿದ್ದ ಚರ್ಮವನ್ನೂ ತೆಗೆದಿದ್ದಾರೆ. ಒಳಗೆ ಎರಡು ಕಡೆಯ ಮಾಂಸವನ್ನೂ ಎಳೆದು ಹೊಲಿದಿದ್ದಾರೆ. ನಿಮ್ಮ ಯಜಮಾನ್ರು ಹೇಳ್ಲಿಲ್ವಾ?”

ಕೂಗಾಡಬೇಕೆನಿಸಿತು. ಕೂಗಿದರೆ ಹೊಲಿಗೆ ಎಳೆಯುತ್ತಿತ್ತು. “ಇನ್ನು ಏನೇನಾಗುತ್ತೆ, ಒಂದೂ ಬಿಡದೆ ಹೇಳ್ರಮ್ಮ” ಎಂದೆ.

ಆಕೆ ಮಂಚದ ಅಂಚಿನಲ್ಲಿ ಕೂತು ಹೇಳಿದಳು. ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಅವುಚಿಕೊಳ್ಳಬೇಕು. ಕೆಲವು ವಾರ ಬಗ್ಗಿಯೇ ನಡೆಯಬೇಕು. ಮೂರು ತಿಂಗಳು ಕೊಡ ಎತ್ತಬಾರದು. ಗಾಯದ ಸುತ್ತ ಮುಟ್ಟಿದರೂ ತಿಳಿಯದು; ಸ್ಪರ್ಶದ ಅರಿವು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕೊನೆಗೆ ದನಿ ತಗ್ಗಿಸಿ, “ಇನ್ನು ಮಕ್ಕಳು ಬೇಡ. ಬಸುರಾದ್ರೆ ಹೊಲಿಗೆ ತಡೆಯಲ್ಲ ಅಂತ ಡಾಕ್ಟರು ನಿಮ್ಮ ಯಜಮಾನ್ರಿಗೆ ಎರಡು ಸಲ ಹೇಳಿದಾರೆ” ಎಂದಳು.

ಸಂಜೆ ಇವರು ಮೂಸಂಬಿ ತಂದರು. “ಮಕ್ಕಳ ವಿಷಯ ಯಾಕೆ ಮುಚ್ಚಿಟ್ರಿ?” ಎಂದು ಕೇಳಿದೆ. ಮೂಸಂಬಿಯ ಸಿಪ್ಪೆ ಬಿಡಿಸುತ್ತಾ, “ಅದನ್ನ ಹೆಂಗೆ ಹೇಳೋದು ಕಣೇ” ಎಂದರು. ಹಣ್ಣನ್ನು ನಾನು ಮುಟ್ಟಲಿಲ್ಲ.

ಮನೆಯಲ್ಲಿ ಅತ್ತೆಯವರದು ಬೇರೆ ರಾಗ. “ಎಪ್ಪತ್ತಾಗೈತೆ ನಂಗೆ, ನಾನೇ ನೆಟ್ಟಗೆ ನಡೀತೀನಿ. ನೀನ್ಯಾಕೆ ಗೂನು ಹಾಕ್ಕೊಂಡು ತಿರುಗ್ತೀಯ?” ಕೊಡ ಎತ್ತಬಾರದೆಂದರೆ, ಡಾಕ್ಟರು ತಮ್ಮ ಮಗನಿಗೆ ಹೇಳಿದ್ದನ್ನು ಮಗನೇ ಹೇಳಲಿ ಎಂದರು. ಇವರು ಹೇಳಲಿಲ್ಲ. ಒಂದು ದಿನ ಹಂಡೆ ಬರಿದಾಗಿ, ಮಕ್ಕಳು ಕಾಯುತ್ತಿದ್ದಾಗ ಬಾವಿಯಿಂದ ಎರಡು ಕೊಡ ಸೇದಿದೆ. ಹೊಲಿಗೆಯ ಮೂಲೆ ಬಿಚ್ಚಿಕೊಂಡು ಸೀರೆ ರಕ್ತದಲ್ಲಿ ಒದ್ದೆಯಾಯಿತು. ಮತ್ತೆ ಅರಸೀಕೆರೆ, ಮತ್ತೆ ಒಂದೂವರೆ ತಿಂಗಳು ಡ್ರೆಸ್ಸಿಂಗ್. ಅತ್ತೆಯವರು ರಕ್ತ ನೋಡಿದ ಮೇಲೆ ತಾವೇ ನೀರು ಸೇದತೊಡಗಿದರು. ಅದನ್ನು ನೋಡಿಯೂ ನನಗೆ ಸಿಟ್ಟೇ ಬರುತ್ತಿತ್ತು. ನಾನು ಹೇಳಿದ ಮಾತು ಸಾಲದೆ ಹೋಯಿತಲ್ಲ.

ಹಾಸಿಗೆಯನ್ನು ನಡುಮನೆಗೆ, ಮಕ್ಕಳ ಪಕ್ಕಕ್ಕೆ ಹಾಕಿಕೊಂಡೆ. ಇವರ ಹಾಸಿಗೆ ಕೋಣೆಯಲ್ಲೇ ಉಳಿಯಿತು.

ಹೊಟ್ಟೆಯೇನೋ ಚಪ್ಪಟೆಯಾಯಿತು. ಗಂಟು ಮರಳಿ ಬರಲಿಲ್ಲ. ಹೊಕ್ಕುಳು ಮಾತ್ರ ಎಡಕ್ಕೆ ಸರಿದು ನಿಂತಿದೆ. ಎರಡು ವರ್ಷದ ನಂತರ ಗಂಡಸಿ ಎಂಬ ಊರಿನಿಂದ ಗಂಡಹೆಂಡತಿ ಬಂದರು. ಆಕೆಗೂ ನನ್ನಂಥದೇ ಗಂಟು. ಗಂಡ ಜಗಲಿಯ ಮೇಲೆ ಕೂತು ನಮ್ಮ ಯಜಮಾನರನ್ನು ವಿಚಾರಿಸತೊಡಗಿದ. ನಾನು ಬಾಗಿಲಿಗೆ ಬಂದು, “ಕೊಯ್ಸ್ಕೊಂಡಿದ್ದು ನಾನು. ಇಬ್ರೂ ಒಳಗೆ ಬನ್ನಿ, ನನ್ನನ್ನ ಕೇಳಿ” ಎಂದೆ. ಮಕ್ಕಳ ಮಾತನ್ನೂ ಬಿಡದೆ ಎಲ್ಲ ಹೇಳಿದೆ. ಆಕೆಯ ಗಂಡ ತಲೆ ತಗ್ಗಿಸಿದ್ದ. ಆಕೆ ಮಾತ್ರ ಒಂದೊಂದನ್ನೂ ಎರಡೆರಡು ಸಲ ಕೇಳಿ ತಿಳಿದುಕೊಂಡಳು.