ಗಿಟಾರಿನ ಹೊಟ್ಟೆಯೊಳಗಿನ ಮೀನು

ಹಲಗೆ ಗೋಡೆಯಲ್ಲಿ ಒಂದು ಕಿಂಡಿಯಿದೆ. ಅದರೊಳಗಿಂದ ಗಿಟಾರುಗಳು ಕತ್ತು ಮುಂದೆ ಮಾಡಿಕೊಂಡು ಬರುತ್ತವೆ. ಈಚೆ ನಿಂತು ಅವನ್ನು ಬರಮಾಡಿಕೊಳ್ಳುವವಳು ಗುಬ್ಬಿ. ವಯಸ್ಸು ಮೂವತ್ತೆರಡು ದಾಟಿದರೂ ಮನೆಯವರ ಬಾಯಲ್ಲಿ ಅವಳು ಗುಬ್ಬಿಯೇ. ಆಚೆ, ರಸ್ತೆಗೆ ತೆರೆದುಕೊಂಡ ಅಂಗಡಿಯಲ್ಲಿ, ಅವಳ ಅಣ್ಣ ಗಿರಾಕಿಗಳ ಜೊತೆ ನಗುತ್ತ ಮಾತಾಡುತ್ತಾನೆ. ಈಚೆ ಕಿಟಕಿಯಿಲ್ಲ. ಒಂದು ಟ್ಯೂಬ್‌ಲೈಟು, ಉದ್ದನೆಯ ಮೇಜು, ಮೊಳೆಗಳಿಗೆ ತೂಗುಹಾಕಿದ ಅರಗಳು, ಬಟ್ಟೆಗೂ ಕೂದಲಿಗೂ ಹತ್ತಿಕೊಂಡ ಅಂಟಿನ ವಾಸನೆ.

ತಂತಿ ಎತ್ತರವಾಗಿ ಬೆರಳು ನೋಯಿಸುತ್ತಿದ್ದರೆ ಇಳಿಸುವುದು, ತಂತಿ ಬಿಗಿಯುವ ಬಿರಡೆ ಜಾರುತ್ತಿದ್ದರೆ ತೆಗೆದು ಹೊಸತು ಹಾಕುವುದು, ತಂತಿಗಳನ್ನು ಹೊರುವ ಕುದುರೆಯ ಮೇಲಿನ ಪ್ಲಾಸ್ಟಿಕ್ ಪಟ್ಟಿ ಕಿತ್ತು ಮೂಳೆಯದನ್ನು ಉಜ್ಜಿ ಉಜ್ಜಿ ಕೂರಿಸುವುದು, ಎಲ್ಲವೂ ಅವಳದೇ. ರಿಪೇರಿಯಾದ ಗಿಟಾರು ಕಿಂಡಿಯಿಂದ ಆಚೆ ಹೋದ ಮೇಲೆ ಅಲ್ಲಿಂದ ಮಾತು ಕೇಳಿಸುತ್ತದೆ.

"ನಿಮ್ಮ ಕೈಗುಣ ಅಂದ್ರೆ ಕೈಗುಣ ಸಾರ್!"

"ಏನೋ, ಅಪ್ಪ ಕಲಿಸಿದ್ದು," ಅನ್ನುತ್ತಾನೆ ಅಣ್ಣ.

ಅದು ಪೂರ್ತಿ ಸುಳ್ಳೂ ಅಲ್ಲ. ಅಪ್ಪ ಇಬ್ಬರಿಗೂ ಕಲಿಸಿದ್ದ. ಆರು ವರ್ಷದ ಹಿಂದೆ ಗರಗಸದ ಚಕ್ರ ಅಣ್ಣನ ಬಲಗೈ ಹೆಬ್ಬೆರಳಿಗೆ ಬಡಿಯಿತು. ಬೆರಳು ಉಳಿಯಿತು, ಆದರೆ ಮಡಚುವುದಿಲ್ಲ. ಗಿರಾಕಿಗಳ ಮುಂದೆ ಆ ಕೈಯಲ್ಲಿ ಸದಾ ಒಂದು ಒರೆಸುವ ಬಟ್ಟೆ ಇರುತ್ತದೆ. ಆಗ ಅಮ್ಮ ಗುಬ್ಬಿಯನ್ನು ಹತ್ತಿರ ಕೂರಿಸಿಕೊಂಡು ಹೇಳಿದ್ದಳು: "ಇವನ ಕೈ ಹೋಯ್ತು ಅಂತ ನಾಲ್ಕು ಜನಕ್ಕೆ ಗೊತ್ತಾದ್ರೆ ಅಂಗಡಿ ಬಾಗಿಲು ಹಾಕ್ಬೇಕಾಗುತ್ತೆ ಕಣೇ. ಯಾರ ಹತ್ರಾನೂ ಬಾಯಿ ಬಿಡಲ್ಲ ಅಂತ ಮಾತು ಕೊಡು." ಗುಬ್ಬಿ ಕೊಟ್ಟಳು. ಈಗ ಅಮ್ಮ ಇಲ್ಲ. ಮಾತು ಇದೆ.

ಇನ್ನು ಮೀನಿನ ವಿಷಯ. ಈ ಕಸುಬಿನವರು ಪ್ರತಿ ರಿಪೇರಿಗೂ ಗಿಟಾರಿನ ಹೊಟ್ಟೆಯೊಳಗೆ, ಮೇಲ್ಹಲಗೆಯ ಒಳಮೈಗೆ, ಪೆನ್ಸಿಲಿನಲ್ಲಿ ತಮ್ಮದೊಂದು ಗುರುತು ಹಾಕುತ್ತಾರೆ. ಹಲ್ಲಿನ ಡಾಕ್ಟರ ಪುಟ್ಟ ಕನ್ನಡಿ ಇಳಿಸಿದರೆ ಮಾತ್ರ ಕಾಣುವಂಥದ್ದು. ಅಪ್ಪನ ಗುರುತು ಮೀನು. ಎರಡು ಬಾಗಿದ ಗೆರೆ, ಕೊನೆಗೊಂದು ಬಾಲ. ಅಪ್ಪನ ದಪ್ಪ ಕೈ ಗಿಟಾರಿನ ದುಂಡು ಬಾಯಿಯೊಳಗೆ ಹೋಗುತ್ತಿರಲಿಲ್ಲ. ಹಾಗಾಗಿ ಒಂಬತ್ತು ವರ್ಷದ ಗುಬ್ಬಿಯ ಅಂಗೈ ಮೇಲೆ ಮೀನು ಬರೆದು ತೋರಿಸಿ, "ಹೋಗು, ಇದನ್ನ ಒಳಗೆ ಬಿಟ್ಟು ಬಾ," ಅಂದಿದ್ದ. ಅಂದಿನಿಂದ ಇಂದಿನವರೆಗೆ ಎಷ್ಟು ಮೀನು ಬಿಟ್ಟಿದ್ದಾಳೋ.

ಮಂಗಳವಾರ ಸಂಗೀತ ಶಾಲೆಯ ಗಿಟಾರ್ ಮೇಷ್ಟ್ರು ತಮ್ಮ ಹಳೆಯ ವಾದ್ಯ ಹೊತ್ತು ಬಂದರು.

"ಏನಪ್ಪಾ ಡಾಕ್ಟ್ರೇ, ರೋಗಿ ಕೆಮ್ತಾ ಇದಾನೆ. ದಪ್ಪ ತಂತಿ ಮುಟ್ಟಿದ್ರೆ ಹೊಟ್ಟೆಯೊಳಗೆ ಗೊರಗೊರ."

"ಬಿಟ್ಟು ಹೋಗಿ ಮೇಷ್ಟ್ರೇ. ಶನಿವಾರ ಹಾಡ್ಕೊಂಡು ಎದ್ದು ಬರ್ತಾನೆ."

ಮೇಷ್ಟ್ರು ಹೊರಡಲಿಲ್ಲ. "ನೋಡು, ನಮ್ಮ ಶಾಲೇಲಿ ನಲವತ್ತು ಗಿಟಾರ್ ಇದೆ. ನೋಡ್ಕೊಳ್ಳೋಕೆ ಒಬ್ರು ಬೇಕು. ಕೆಲಸಕ್ಕೆ ಅಂತಾನೇ ಒಂದು ಕೋಣೆ, ಎರಡು ದೊಡ್ಡ ಕಿಟಕಿ. ನೀನಂತೂ ಅಂಗಡಿ ಬಿಟ್ಟು ಬರಲ್ಲ. ನಿನ್ನ ಅರ್ಧದಷ್ಟು ಬಲ್ಲೋರು ಯಾರಾದ್ರೂ ಇದಾರಾ?"

ಗೋಡೆಯ ಈಚೆ ಅರ ನಿಂತಿತು.

"ಈಗಿನ ಕಾಲದಲ್ಲಿ ಯಾರಿದಾರೆ ಮೇಷ್ಟ್ರೇ," ಅಂದ ಅಣ್ಣ. "ಯಾರೂ ಇಲ್ಲ."

"ಒಳಗೆ ಏನೋ ಸದ್ದಾಗ್ತಿತ್ತು?"

"ಅದಾ? ನಮ್ಮ ತಂಗಿ. ಧೂಳು ಒರೆಸ್ತಾಳೆ."

ಸ್ವಲ್ಪ ಹೊತ್ತಿಗೆ ಮೇಷ್ಟ್ರ ಗಿಟಾರು ಕಿಂಡಿಯಿಂದ ಬಂತು. ಅದರ ಹಿಂದೆಯೇ ಅಣ್ಣನ ಮುಖ. "ಬೇಜಾರು ಮಾಡ್ಕೊಂಡ್ಯಾ?"

"ಧೂಳಿದೆ. ಒರೆಸ್ತೀನಿ ಇರು," ಅಂದಳು ಗುಬ್ಬಿ.

"ನೀನು ಹೋದ್ರೆ ನನ್ನ ಗತಿ ಏನು ಹೇಳು." ಅವನು ಕೇಳಿದ್ದು ನಿಜವಾಗಿಯೇ. ಅವಳು ಗಿಟಾರಿನ ತಂತಿ ಸಡಿಲಿಸತೊಡಗಿದಳು. ಮೇಷ್ಟ್ರು ಹೇಳಿದ ಎರಡು ಕಿಟಕಿ ಮಾತ್ರ ಕಣ್ಣಿನಿಂದ ಹೋಗಲಿಲ್ಲ.

ಹೊಟ್ಟೆಯೊಳಗಿನ ಒಂದು ಮರದ ಪಟ್ಟಿ ಅಂಟು ಬಿಟ್ಟಿತ್ತು, ಗೊರಗೊರ ಅದರದೇ. ಬುಧವಾರ ಅಂಟು ಹಾಕಿ ಬಿಗಿದಳು. ಗುರುವಾರವಿಡೀ ಒಣಗಲು ಬಿಟ್ಟಳು. ಒಣಗುವಷ್ಟರಲ್ಲಿ ಒಂದು ಯೋಚನೆ ಗಟ್ಟಿಯಾಯಿತು. ಮಾತು ಕೊಟ್ಟದ್ದು ಬಾಯಿ ಬಿಡುವುದಿಲ್ಲವೆಂದು. ಪೆನ್ಸಿಲಿನ ಬಗ್ಗೆ ಅಮ್ಮ ಏನೂ ಹೇಳಿರಲಿಲ್ಲ. ಮೇಷ್ಟ್ರು ಪ್ರತಿಸಲವೂ ಕನ್ನಡಿ ಇಳಿಸಿ ಹೊಸ ಮೀನು ನೋಡಿಯೇ ಗಿಟಾರು ಒಯ್ಯುವವರು. ಈ ಸಲ ಮೀನಿನ ಜಾಗದಲ್ಲಿ ಬೇರೇನೋ ಕಂಡರೆ ಕೇಳದೆ ಬಿಡುವವರಲ್ಲ. ಅಷ್ಟು ಸಾಕು, ಅವರೇ ಕೇಳಲಿ.

ತನ್ನ ಗುರುತು ಏನೆಂದು ಹುಡುಕಬೇಕಾಗಲಿಲ್ಲ. ಚಿಕ್ಕಂದಿನಲ್ಲಿ ಅಡ್ಡಗೆರೆಗಳಿರುವ ಗಿಟಾರಿನ ಕತ್ತನ್ನು ಅವಳು ಏಣಿ ಅನ್ನುತ್ತಿದ್ದಳು. ಎರಡು ಉದ್ದ ಗೆರೆ, ಮೂರು ಮೆಟ್ಟಿಲು.

ಶನಿವಾರ ಬೆಳಿಗ್ಗೆ ಹೊಸ ತಂತಿ ಕಟ್ಟುವ ಮೊದಲು, ಪೆನ್ಸಿಲಿನ ತುಂಡು ಹಿಡಿದು ಕೈ ಒಳಗಿಟ್ಟಳು. ಮೊಣಕೈವರೆಗೂ ಹೋಯಿತು. ಒಳಗೆ ಕತ್ತಲು, ಕಣ್ಣಿಗೆ ಕೆಲಸವಿಲ್ಲ, ಬೆರಳೇ ದಾರಿ ಹುಡುಕಬೇಕು. ಹೊಸದಾಗಿ ಅಂಟಿಸಿದ ಪಟ್ಟಿಯನ್ನು ಸವರಿದಳು, ಗಟ್ಟಿಯಾಗಿ ಕೂತಿತ್ತು. ಅದರ ಪಕ್ಕದಲ್ಲಿ ಗುರುತು ಹಾಕುವಾಗ ಎದೆ ಎಷ್ಟು ಜೋರಾಗಿ ಬಡಿಯಿತೆಂದರೆ ಆ ಬಡಿತ ಗಿಟಾರಿನ ಮರಕ್ಕೂ ತಾಗಿತು. ಅಷ್ಟರಲ್ಲಿ ಆಚೆಯಿಂದ ಅಣ್ಣ, "ಗುಬ್ಬೀ, ಮೇಷ್ಟ್ರು ಹತ್ತಕ್ಕೇ ಬರ್ತಾರಂತೆ!" ಎಂದು ಕೂಗಿದ. ಅವಸರದಲ್ಲಿ ಕೈ ಎಳೆದುಕೊಂಡಳು, ಚರ್ಮ ತರಚಿತು. ತಂತಿ ಕಟ್ಟಿ, ಶ್ರುತಿ ಮಾಡಿ, ಕಿಂಡಿಯಿಂದ ಆಚೆ ದಾಟಿಸಿದಳು.

ಮೇಷ್ಟ್ರು ಬಂದರು. ನುಡಿಸಿದರು. ಕೆಮ್ಮಿಲ್ಲ. ಆಮೇಲೆ ಕನ್ನಡಿ ಹೊರಬಂದದ್ದು "ಎಲ್ಲಿ, ನೋಡೋಣ" ಎಂಬ ಮಾತಿನಿಂದ ಗೊತ್ತಾಯಿತು. ಗುಬ್ಬಿ ಹಲಗೆಗೆ ಕಿವಿಯಿಟ್ಟು ನಿಂತಳು.

"ಹಾಂ. ಇದೆಯಪ್ಪಾ, ಅಂಟಿಸಿದ ಪಟ್ಟಿ ಪಕ್ಕದಲ್ಲೇ ನಿನ್ನ ಹೊಸ ಮೀನು. ಬಾಲಾನೂ ಚೆನ್ನಾಗಿ ಬಂದಿದೆ."

ಗುಬ್ಬಿ ತನ್ನ ಬಲಗೈಯನ್ನು ನೋಡಿಕೊಂಡಳು. ತರಚಿದ ಜಾಗ ಇನ್ನೂ ಕೆಂಪಗಿತ್ತು. ಕತ್ತಲಲ್ಲಿ ಆ ಕೈ ಅವಳನ್ನು ಕೇಳದೆ, ಏಣಿಯ ಬದಲು, ಇಪ್ಪತ್ಮೂರು ವರ್ಷದಿಂದ ಮಾಡಿದ್ದನ್ನೇ ಮಾಡಿ ಬಂದಿತ್ತು.

ಇನ್ನು ಉಳಿದದ್ದು ಬಾಯಿ. ಅಮ್ಮ ಕ್ಷಮಿಸಲಿ ಎಂದುಕೊಂಡು ಹಲಗೆ ಬಾಗಿಲು ತಳ್ಳಿ ಆಚೆ ಬಂದಳು. ಬೀದಿಯ ಬೆಳಕಿಗೆ ಕಣ್ಣು ಕಿರಿದಾಯಿತು. ಅಣ್ಣನ ಕೈಯಲ್ಲಿ ಬಟ್ಟೆ ಬಿಗಿಯಾಯಿತು. ಮೇಷ್ಟ್ರು ತಲೆಯೆತ್ತಿ ನೋಡಿದರು.

"ಮೇಷ್ಟ್ರೇ..." ಅಂದಳು.

"ಹೇಳಮ್ಮ."

"ಮೇಷ್ಟ್ರೇ, ಟೀ ಕುಡೀತೀರಾ?"

"ಓಹೋ, ಕೊಡಮ್ಮ. ಸಕ್ಕರೆ ಕಮ್ಮಿ ಇರಲಿ."

ಅಣ್ಣ ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು. ಟೀ ಕುಡಿದು, ಕೆಲಸಕ್ಕೆ ಜನ ಬೇರೆ ಕಡೆ ಹುಡುಕುತ್ತೇನೆ, ಇನ್ನೊಂದು ತಿಂಗಳು ನೋಡೋಣ ಎಂದು ಹೇಳಿ ಮೇಷ್ಟ್ರು ಹೋದರು.

ಮಧ್ಯಾಹ್ನ ಕಿಂಡಿಯಿಂದ ಇನ್ನೊಂದು ಗಿಟಾರು ಕತ್ತು ಚಾಚಿತು. "ಬಿರಡೆ ಬದಲಾಯಿಸ್ಬೇಕಂತೆ," ಅಂದ ಅಣ್ಣ, ಅವಳ ಮುಖ ನೋಡದೆ.

ಅದನ್ನು ಮೇಜಿನ ಮೇಲೆ ಮಲಗಿಸಿ, ಗುಬ್ಬಿ ಪೆನ್ಸಿಲ್ ಚೂಪು ಮಾಡಿದಳು. ಕಣ್ಣು ಮುಚ್ಚಿ ಹಲಗೆ ಗೋಡೆಯ ಮೇಲೆ ಏಣಿ ಬರೆದಳು. ಕಣ್ಣು ತೆರೆದು ನೋಡಿದಳು. ಮೊದಲ ಗೆರೆ ಬಾಗಿ ಮೀನಿನ ಬೆನ್ನಾಗಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಬರೆದಳು. ಮತ್ತೊಂದು. ಹನ್ನೊಂದನೆಯದರಲ್ಲಿ ಎರಡು ಗೆರೆ ನೆಟ್ಟಗೆ ಬಂದವು, ಮೆಟ್ಟಿಲು ಒಂದೇ. ಮತ್ತೆ ಕಣ್ಣು ಮುಚ್ಚಿದಳು.